ಏಳು ನಿಮಿಷ

ಹನ್ನೊಂದು ವರ್ಷದಿಂದ ಎಣ್ಣೆಯ ಮುಂದೆ ನಿಂತವನು ನಾನು.
ರೂವಿಯ ಆ ಅಂಗಡಿಗೆ ಬಟಾಟೆ ಬರುವುದು ಚೀಲದಲ್ಲಿ,
ಆಗಲೇ ಹೆಚ್ಚಿದ್ದು, ಹಿಮಗಟ್ಟಿದ್ದು, ಎಲ್ಲವೂ ಒಂದೇ ಅಳತೆ,
ಸಾಲಲ್ಲಿ ನಿಂತ ಯೂನಿಫಾರ್ಮಿನ ಮಕ್ಕಳ ಹಾಗೆ.
ಬುಟ್ಟಿ ಇಳಿಸು. ಗುಂಡಿ ಒತ್ತು. ಯಂತ್ರ ಕೂಗಿದರೆ ಎತ್ತು.
ಏಳು ನಿಮಿಷದೊಳಗೆ ಯಾರೂ ಕೊಳ್ಳದಿದ್ದರೆ
ಕಸಕ್ಕೆ.
ಗೋಡೆಯ ಮೇಲೆ ಬರೆದಿದೆ, ಮೂರು ಭಾಷೆಯಲ್ಲಿ.
ಕನ್ನಡದಲ್ಲಿ ಇಲ್ಲ; ಆದರೂ ನನಗೆ ಬಾಯಿಪಾಠ.

ಮೊನ್ನೆ ರಿದಾ ಕೇಳಿದಳು:
ಬಾಪಾ, ನಿಮಗೆ ನಿಜವಾಗಿ ಮಾಡ್ಲಿಕ್ಕೆ ಬರ್ತದಾ,
ಅಲ್ಲ, ಬರೀ ಗುಂಡಿ ಒತ್ಲಿಕ್ಕಾ?
ಮೈಮೂನ ನೆಲ ನೋಡಿದಳು.
ನಗು ತಡೆಯುವಾಗ ಅವಳು ನೆಲವನ್ನೇ ನೋಡುವುದು.

ಹಾಗಾಗಿ ಈ ಶುಕ್ರವಾರ ಜುಮಾ ಮುಗಿಸಿ ಬಂದವನೇ
ತೋಳು ಮಡಚಿದೆ.
ಮೈದಾ, ಯೀಸ್ಟು, ಉಗುರುಬೆಚ್ಚಗಿನ ನೀರು.
ಜುಲೈಯಲ್ಲಿ ಇಲ್ಲಿ ತಣ್ಣೀರಿನ ನಲ್ಲಿಯಲ್ಲೂ ಸುಡುನೀರೇ,
ಉಗುರುಬೆಚ್ಚಗಾಗಲು ಐಸು ಹಾಕಬೇಕು.
ನಾದಿದ ಹಿಟ್ಟಿಗೆ ಬಟ್ಟೆ ಮುಚ್ಚಿ ಬಾಲ್ಕನಿಯಲ್ಲಿಟ್ಟೆ.
ಎದುರಿಗೆ ಬೋಳು ಬೆಟ್ಟ, ಕಾದ ಕಾವಲಿಯ ಬಣ್ಣ.
ಎರಡು ಗಂಟೆ ಬೇಕು ಅಂದಿದ್ದರು ಬಲ್ಲವರು.
ಇಪ್ಪತ್ತು ನಿಮಿಷಕ್ಕೆ ಬಟ್ಟೆಯನ್ನು ತಲೆಯಲ್ಲಿ ಹೊತ್ತು
ಎದ್ದು ನಿಂತಿತ್ತು ಹಿಟ್ಟು,
ವೀಸಾ ಬಂದ ಹುಡುಗನ ಎದೆಯ ಹಾಗೆ.

ಮೈಮೂನಳ ಉಮ್ಮ ವಿಸಿಟ್‌ನಲ್ಲಿ ಬಂದು ಇಪ್ಪತ್ತು ದಿನ.
ಬನ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ
ಕಪ್ಪಾದ ಮೂರು ಬಾಳೆಹಣ್ಣು ಹಿಡಿದು ಅಡುಗೆಮನೆಗೆ ಬಂದರು.
ಬನ್ಸಿಗೆ ಇದು ಬೇಡವಾ?
ಇದು ಬೇರೆ ಬನ್ನು ಎಂದೆ. ನಂಬಲಿಲ್ಲ.
ಖೀಮಾ ತಟ್ಟುವಾಗ ಪಕ್ಕದಲ್ಲೇ ನಿಂತು
ಕಟ್ಲೇಟ್ ಅಲ್ವಾ, ಹೆಸರು ಮಾತ್ರ ದೊಡ್ಡದು, ಎಂದರು.
ನಾನು ಆಚೆ ತಿರುಗಿದ್ದೇ ತಡ
ಕೊಚ್ಚಿದ ಹಸಿಮೆಣಸು ಸೇರಿಸಿದರು, ಒಂದು ಹಿಡಿ.
ಕಂಡೆ. ಕಾಣದವನ ಹಾಗೆ ಇದ್ದೆ.

ಬಟಾಟೆ ಈಜಿಪ್ಟಿನದು, ಮೈಯೆಲ್ಲ ಮಣ್ಣು.
ದಿನಕ್ಕೆ ನಲವತ್ತು ಕಿಲೋ ಕರಿಯುವವನು
ಬಟಾಟೆಯ ಸಿಪ್ಪೆ ಮುಟ್ಟಿ ಎಷ್ಟು ಕಾಲವಾಯಿತೋ.
ನಾನು ಹೆಚ್ಚಿದ್ದರಲ್ಲಿ ಒಂದು ಬೆಂಕಿಕಡ್ಡಿ, ಒಂದು ಸೌದೆ.
ನೆನೆಸಿ, ಒರೆಸಿ, ಒಮ್ಮೆ ಅರೆಬೇಯಿಸಿ, ಆರಿಸಿ,
ಮತ್ತೆ ಎಣ್ಣೆಗೆ ಬಿಟ್ಟೆ.
ಯಾರೂ ಕೂಗದೆ ಈ ಕೈಗೆ ಎತ್ತಲು ಬರುವುದಿಲ್ಲವೆಂದು
ತಿಳಿದದ್ದು ಆಗ.
ಜಾಲರಿ ಸೌಟು ಹಿಡಿದು
ಮೊದಲ ದಿನದವನ ಹಾಗೆ ನಿಂತುಬಿಟ್ಟೆ.
ಸ್ಟೂಲು ಹತ್ತಿದ್ದ ಸಣ್ಣವನು ಶಾಝು
ಟೀಂ ಟೀಂ ಟೀಂ ಎಂದ.
ಲೆಕ್ಕ ನೋಡಿಯಲ್ಲ, ಹಸಿವಾಗಿ.
ಎತ್ತಿದೆ.

ಒಂದು ಬನ್ನು ಸೀಳಿತ್ತು, ಒಂದು ಓರೆಯಾಗಿತ್ತು.
ರಿದಾ ಕಚ್ಚಿದಳು. ಅಗಿದಳು. ಕೌಂಟರಿನ ಈಚೆಗೆ
ತಿನ್ನುವವರ ಮುಖ ನನಗೆ ಕಾಣುವುದೇ ಇಲ್ಲ,
ನೋಡುತ್ತಾ ನಿಂತೆ.
ಅಂಗಡಿಯದ್ದರ ಹಾಗೆ ಇಲ್ಲ, ಎಂದಳು.
ಮತ್ತೆ ಕಚ್ಚಿದಳು. ಖಾರ ಉಂಟು.
ಉಮ್ಮ ಕಿಟಕಿಯ ಕಡೆ ನೋಡಿದರು.
ಎರಡನೆಯದು ಇದೆಯಾ?

ಆಮೇಲೆ ನಾನೂ ಕೂತೆ.
ಸಾಸು ಮಣಿಗಂಟಿನವರೆಗೆ ಇಳಿಯಿತು.

ಅರ್ಧ ತಟ್ಟೆ ಬಟಾಟೆ ಉಳಿಯಿತು.
ಗಡಿಯಾರ ನೋಡಿದೆ, ಅಭ್ಯಾಸ. ಏಳು ನಿಮಿಷ ಎಂದೋ ಕಳೆದಿತ್ತು.
ನನ್ನ ಕೈ ಕಸದ ಡಬ್ಬದ ಕಡೆ ಹೊರಟದ್ದು ಕಂಡು
ಮೈಮೂನ ತಟ್ಟೆ ಕಸಿದಳು.
ಮಾತಿಲ್ಲ. ಫ್ರಿಜ್ಜಿನ ಬಾಗಿಲು ಮಾತ್ರ ತುಸು ಜೋರಾಗಿ.

ಬೆಳಿಗ್ಗೆ ಐದಕ್ಕೆ ಸಾಸಿವೆ ಸಿಡಿಯಿತು.
ಕರಿಬೇವು, ಅರಶಿನ, ಚೂರು ತೆಂಗಿನತುರಿ.

ಶನಿವಾರದ ಶಿಫ್ಟು. ಫ್ರೈಯರಿನ ಹಿಂದೆ, ಚೀಲಗಳ ನಡುವೆ
ಮಧ್ಯಾಹ್ನ ಬುತ್ತಿ ಬಿಚ್ಚಿದೆ:
ಚಪಾತಿ, ನಿನ್ನೆಯ ಬಟಾಟೆಯ ಪಲ್ಯ,
ಒಂದೊಂದು ತುಂಡಿಗೆ ಒಂದೊಂದು ಅಳತೆ.
ಯಂತ್ರ ಕೂಗುತ್ತಿತ್ತು.
ಬಾಯಲ್ಲಿದ್ದದ್ದನ್ನು ಪೂರ್ತಿ ಅಗಿದು ನುಂಗಿ
ಎದ್ದೆ.