ನೋಡಾಕ ಏನೈತ್ರಿ

ಗುರುವಾರ ಮಧ್ಯಾಹ್ನ, ಭೈರಿದೇವರಕೊಪ್ಪ ಸ್ಟಾಪಿನ್ಯಾಗ
ಬೆನ್ನಿಗೆ ಚೀಲ ಹಾಕ್ಕೊಂಡ ಪರಊರ ಹುಡುಗ
ಗಾಜಿನ ತೂತಿಗೆ ಬಾಯಿ ಇಟ್ಟು ಕೇಳಿದ:
ಮೇಡಮ್, ನಿಮ್ಮೂರಲ್ಲಿ ನೋಡೋಕೆ ಏನೇನಿದೆ?
ಎಲ್ಲಿಗೆ ಟಿಕೀಟು, ಅಂದೆ ನಾ.

ನಾಕು ವರ್ಷ ಆತು.
ಉಣಕಲ್ಲು, ಬಿವಿಬಿ, ಕಿಮ್ಸು, ಹೊಸೂರು,
ಸಂತ್ಯಾಗ ಮೆಂತ್ಯೆ ಸೂಡು ಎಣಿಸಿ ಕೊಟ್ಟಂಗ
ಊರು ಎಣಿಸಿ ಕೊಟ್ಟೇನಿ ಮಂದಿಗೆ.
ಒಂದನ್ನೂ ಮನಿಗೆ ಒಯ್ದಿಲ್ಲ.

ಅದಕ್ಕ ಈ ರವಿವಾರ ಐದೂವರಿಗೆ
ಮಗನ ಬೂಟಿನ ತುದಿಗೆ ಹತ್ತಿ ತುರುಕಿ,
ಚೂಡಿದಾರದ ಮ್ಯಾಲೆ ಗಂಡನ ಜರ್ಕಿನ್ನು ಏರಿಸಿ
ಹೊಂಟೆ. ಅಂಗಳಕ್ಕ ನೀರು ಹೊಡೀತಿದ್ದ ದ್ಯಾಮವ್ವಾಯಿ
ಚರಿಗಿ ಹಿಡಕೊಂಡ ನಿಂತ್ಲು:
ಶಶಿಕಲಾ, ಯಾರ ಬೆನ್ನ ಹತ್ತ್ಯಾರಬೇ?

ಬಸ್ಸಿಗೆ ನಾಕು ನಿಮಿಷದ ದಾರಿ.
ಮೊಣಕಾಲು ಬ್ಯಾರೆ ಲೆಕ್ಕ ಹೇಳತಾವ.
ಉಣಕಲ್ ಕ್ರಾಸಿಗೆ ಏರು ಐತಿ ಅನ್ನೂದು
ನನಗ ಇವತ್ತ ಗೊತ್ತಾತು.
ಚಿಗರಿ ಬಸ್ಸು ಇನ್ನೂ ಡಿಪೋದಾಗ ಮಲಗ್ಯಾವ,
ಅವುಗಳ ದಾರಿ ಖಾಲಿ,
ನಾ ಮಾತ್ರ ಬಾಯಿ ತೆರಕೊಂಡು ಏದುತ್ತ.

ಉಣಕಲ್ಲಿನ ಓಣ್ಯಾಗ ಹೊಕ್ಕರ
ಮನಿ ಮನಿ ನಡುವ ಒಮ್ಮಿಂದೊಮ್ಮೆಗೆ ಕರೇ ಕಲ್ಲಿನ ಗುಡಿ,
ನಾಕೂ ದಿಕ್ಕಿಗೆ ಬಾಗಲ,
ಎದುರಿನ ಗ್ವಾಡಿ ಮ್ಯಾಲೆ ಯಾರದೋ ಹಸಿ ಕೌದಿ.
ಕೀಲಿ ಹಾಕಿತ್ತು.
ಸಳಿ ನಡುವ ಮುಖ ಇಟ್ಟು ನೋಡಿದೆ,
ಆ ಹುಡುಗ ನನ್ನ ನೋಡಿದಂಗ.
ಎಂಟರ ಮ್ಯಾಲೆ ಬಾರವಾ, ತಗೀತಾರ,
ಅಂದ ಹಲ್ಲು ತಿಕ್ಕತಿದ್ದ ಮುದುಕ,
ಬಾಯಿ ತುಂಬ ಬೂದಿ.

ಕೆರಿ ಎಲ್ಲಾ ಅಂತರಗಂಗಿ. ನೀರು ಎಲ್ಲೈತಿ ಅಂತ
ಹುಡುಕಾಕ ಹೋದ್ರ ನೀಲಿ ಹೂ ಸಿಗತಾವ.
ದಂಡಿ ಮ್ಯಾಲೆ ನಗೂ ಸಂಘದವರು ಹನ್ನೊಂದು ಮಂದಿ,
ಕೈ ಮ್ಯಾಲೆತ್ತಿ ಹೋ ಹೋ, ಹಾ ಹಾ,
ಲೆಕ್ಕ ಹಾಕಿ ನಗಾಕಹತ್ತಿದ್ರು.
ನನ್ನ ಬೂಟು ನೋಡಿದ ಮ್ಯಾಲೆ
ಖರೇನ ನಕ್ಕರು.

ಕಿಮ್ಸಿನ ಮುಂದ ಓಡಲಿಲ್ಲ.
ಕಂಪೌಂಡಿನ ಬುಡಕ ಸಾಲಾಗಿ ಮಂದಿ,
ಚಾದರದಿಂದ ಕಾಲು ಹೊರಗ,
ಒಬ್ಬಾಕಿ ಎಕ್ಸರೇ ಚೀಲ ತಲಿದಿಂಬು ಮಾಡಿಕೊಂಡು.
ಈ ಊರಿಗೆ ಬಂದವರೊಳಗ ಇವರೂ ಬಂದವರ.
ಎಷ್ಟು ಟಿಕೀಟು ಇಲ್ಲೀವ ಕೊಟ್ಟೇನಿ ನಾ,
ಚಿಲ್ಲರ ಇಲ್ಲಂದ್ರ ಸಿಟ್ಟು ಮಾಡಿ.

ಚನ್ನಮ್ಮ ಸರ್ಕಲ್ಲಿನ್ಯಾಗ
ಕುದುರಿ ಕಿವಿ ನಡುವ ಪಾರಿವಾಳ.
ದುರ್ಗದ ಬೈಲಿನ್ಯಾಗ ಗಿರ್ಮಿಟ್ಟಿನ ಗಾಡಿ
ತಾಡಪತ್ರಿ ಹೊದ್ದು ನಿದ್ದಿ ಹೊಡಿಯಾಕಹತ್ತಿತ್ತು,
ನಿನ್ನೆ ಸಂಜಿ ಉಳ್ಳಾಗಡ್ಡಿ ಸಿಪ್ಪಿ
ಗಾಳಿಗೆ ನನ್ನ ಜೋಡಿ ಓಡಿ ಬಂತು ಅರ್ಧ ಓಣಿ.

ಕಡೀಕ ಸ್ಟೇಷನ್ನು. ಪ್ಲಾಟ್‌ಫಾರ್ಮ್ ಟಿಕೀಟಿಗೆ ಪಾಳಿ.
ಅಲ್ಲೂ ಗಾಜು, ಅಲ್ಲೂ ತೂತು,
ಒಳಗ ನನ್ನಂಥಾ ಒಬ್ಬಾಕಿ.
ಬಗ್ಗಿ ಕೇಳಿದೆ: ಇಲ್ಲೆ ನೋಡಾಕ ಏನೈತ್ರಿ?
ತಲಿ ಎತ್ತಲಿಲ್ಲ.
ಚಿಲ್ಲರ ಕೊಡ್ರಿ, ಅಂದ್ಲು.
ಎಷ್ಟು ಖುಷಿ ಆತು ಅಂತೀರಿ ನನಗ.

ಜಗತ್ತಿನಾಗ ಎಲ್ಲಕ್ಕಿಂತ ಉದ್ದನ್ನ ಪ್ಲಾಟ್‌ಫಾರ್ಮಂತ ಇದು.
ಉದ್ದ ಅನ್ನೂದು ನೋಡೂ ವಸ್ತು ಅಲ್ಲ,
ನಡದ ತೀರಿಸಬೇಕಾದ್ದು.
ಚಾದ ಅಂಗಡಿ ಮುಗದು, ಬೆಂಚು ಮುಗದು,
ಮೈಕಿನ ದನಿ ಹಿಂದ ಬಿದ್ದು,
ಬೋಗಿ ನಿಲ್ಲಲಾರದಷ್ಟು ದೂರ, ತುದಿಗೆ,
ಕಸಬರಗಿ ಬಾಜೂಕ ಇಟ್ಟು
ಒಬ್ಬಾಕಿ ರೊಟ್ಟಿ ಬಿಚ್ಚಿ ಕುಂತಿದ್ಲು.
ಬಾರವಾ, ಇಲ್ಲೀತನಕ ಯಾರೂ ಬರೂದಿಲ್ಲ.
ಅರ್ಧ ರೊಟ್ಟಿ, ಕೆಂಪ ಚಟ್ನಿ, ಹೆಸರು ಕೇಳಲಿಲ್ಲ.
ಇಲ್ಲಿಂದ ಏನ ಕಾಣತೈತಿ, ಅಂದೆ.
ಬರೂ ಗಾಡಿ, ಅಂದ್ಲು,
ಊರಿಗೆಲ್ಲಾ ಮೊದಲ ನನಗ ಕಾಣತೈತಿ.

ಬೂಟು ಕಳದು ಹತ್ತಿ ಹಿಂಡಿದೆ.
ದೂರ ಹಳಿ ಮ್ಯಾಲೆ ಒಂದು ದೀಪ,
ಹಗಲಿನ್ಯಾಗ ಉರದಿದ್ದಕ್ಕ ಬಡವಾದ್ದು,
ಅದ ಅಂದ್ಲು ಆಕಿ. ಹೌದಂದೆ.

ಎಂಟೂವರಿ ಆಗಿತ್ತು.
ಉಣಕಲ್ಲಿನ ಗುಡಿ ಬಾಗಲ
ಈಗ ತಗದಿರತಾರ.