ಸವೆದ ಬಟ್ಟು

ಹುಚ್ಚರಾಯಪ್ಪ ಸರ್, ಸೊನ್ನೆಯಿಂದ ಹತ್ತರೊಳಗೆ ಹೇಳಿ,
ಕಳೆದ ಏಳು ದಿನ ಎಷ್ಟು ಸುಸ್ತು?
ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೇಳುತ್ತಾಳೆ ಶಾಯಿಸ್ತಾ,
ನರ್ಸಿಂಗ್ ಮೂರನೇ ವರ್ಷ, ಭದ್ರಾವತಿಯ ಹುಡುಗಿ.
ನನ್ನ ತೋಳಿನಿಂದ ನೆತ್ತರು ಹೊರಗೆ ಹೋಗಿ
ಯಂತ್ರದಲ್ಲಿ ಮಿಂದು ವಾಪಸು ಬರುತ್ತಿದೆ.

ಮೂವತ್ತೊಂದು ವರ್ಷ ಅಳತೆ-ತೂಕದ ಇಲಾಖೆಯಲ್ಲಿದ್ದವನಮ್ಮ ನಾನು.
ಗಾಂಧಿ ಬಜಾರಿನ ಒಂದೊಂದು ತಕ್ಕಡಿಯ ಗುಣವೂ ಗೊತ್ತು.
ತಟ್ಟೆಯಡಿ ಹುಣಸೆಹಣ್ಣು ಮೆತ್ತಿದವರು,
ನನ್ನ ಜೀಪು ಕಂಡರೆ ಬಟ್ಟನ್ನು ಅಕ್ಕಿಮೂಟೆಯಲ್ಲಿ ಹೂತವರು.
ಒಬ್ಬಳು ಮೀನಿನವಳು ಮಾತ್ರ
"ನೋಡ್ಕಳಿ ಸ್ವಾಮಿ" ಅಂತ ತಕ್ಕಡಿಯನ್ನೇ ಕೈಗೆ ಕೊಟ್ಟಿದ್ದಳು.
ಸರಿಯಿತ್ತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಆರು, ಎಂದೆ.
ಬರೆದುಕೊಂಡಳು.

ಮೆಟ್ಟಿಲು ಹತ್ತಲು ಕಷ್ಟವೇ? ಸ್ನಾನಕ್ಕೆ? ನೆಂಟರ ಜೊತೆ ಮಾತಿಗೆ?
ಸ್ವಲ್ಪ, ಸಾಧಾರಣ, ತುಂಬಾ. ಮೂರು ಚೌಕ.
ಅಂಗಿಯ ಮೂರನೇ ಗುಂಡಿಗೆ ಕೈ ಸೋತು
ಮಂಚದ ಮೇಲೆ ಕೂತಿದ್ದಕ್ಕೆ ಯಾವ ಚೌಕ?
ಮೊಳ ದೂರದ ಫೋನಿನಲ್ಲಿ
ತಂಗಿಯ ಹೆಸರು ಬೆಳಗಿ ಆರುವುದನ್ನು
ನೋಡುತ್ತ ಮಲಗಿದ್ದಕ್ಕೆ?
ಕೇಳಲಿಲ್ಲ. ಕೇಳಲೂ ಉಸಿರು ಬೇಕು.

ಬಂದಾಗ ತೂಗುತ್ತಾರೆ, ಹೋಗುವಾಗ ತೂಗುತ್ತಾರೆ.
(ಆ ಮಷೀನಿನ ಒಂದು ಕಾಲು ಒಡೆದ ಟೈಲ್ಸಿನ ಮೇಲಿದೆ,
ಹೇಳಿದ್ದೇನೆ, ಇನ್ನೂ ಸರಿಸಿಲ್ಲ.)
ಎರಡೂವರೆ ಕೆ.ಜಿ. ನೀರು ಇಳಿಸಿ ಕಳಿಸಿದ ದಿನ
ಆಟೋದಿಂದ ಮನೆ ಬಾಗಿಲಿಗೆ ಹದಿನಾಲ್ಕು ಹೆಜ್ಜೆ,
ನಡುವೆ ಗೇಟು ಹಿಡಿದು ನಿಲ್ಲುತ್ತೇನೆ.
ಹಗುರಾದವನು ಇಷ್ಟು ಭಾರವಾಗುವುದನ್ನು
ನಾನು ಕಂಡ ಯಾವ ತಕ್ಕಡಿಯೂ ತೋರಿಸಿರಲಿಲ್ಲ.

ಹೋದ ನವೆಂಬರಲ್ಲೂ ಆರೇ ಹೇಳಿದ್ರಿ ಸರ್,
ಹಾಳೆ ತಿರುವಿ ಹೇಳುತ್ತಾಳೆ, ಒಂಚೂರು ಖುಷಿಯಿಂದ.
ಹಂಗಾದ್ರೆ ಏನೂ ಬದಲಾಗಿಲ್ಲ.

ತಾಯಿ, ಇಲ್ಲಿ ಕೇಳು.
ಕಬ್ಬಿಣದ ಬಟ್ಟು ಕೈಯಿಂದ ಕೈಗೆ ಸವೆಯುತ್ತದೆ,
ಮೇಲಿನ ಅಕ್ಷರ ಒಂದು ಕಿಲೋ ಅಂತಲೇ ಇರುತ್ತದೆ.
ಅಂಗಡಿಯವನು ಸುಳ್ಳನಲ್ಲ, ಬಟ್ಟೂ ಸುಳ್ಳಲ್ಲ.
ಅದಕ್ಕೇ ಎರಡು ವರ್ಷಕ್ಕೊಮ್ಮೆ ತರಿಸಿ
ಮೂಲ ಬಟ್ಟಿನೆದುರು ಇಟ್ಟು
ಹೊಟ್ಟೆಯ ತೂತಿಗೆ ಸೀಸ ಹುಯ್ದು
ಮುದ್ರೆ ಹೊಡೆಯುತ್ತಿದ್ದೆವು.
ಆಗಿನ ಆರು, ನವುಲೆ ಕೆರೆ ಸುತ್ತಿ ಬಂದವನ ಆರು.
ಈಗಿನದು ಗೇಟು ಹಿಡಿದವನದು.
ಆರು ಸವೆದಿದೆ, ಅದರ ಜೊತೆ ನಾನೂ,
ಮುಳ್ಳು ಮಾತ್ರ ನೆಟ್ಟಗೆ ನಿಂತಿದೆ.

ಚೌಕದ ಪಕ್ಕ ಅಷ್ಟೆಲ್ಲ ಬರೆಯಲು ಜಾಗವಿರಲಿಲ್ಲ.
ಪೆನ್ನು ಮುಚ್ಚಿ ಕೇಳಿದಳು,
ಮೂಲ ಬಟ್ಟು ಯಾರ ಹತ್ರ ಇರುತ್ತೆ ಸರ್?

ಹೊರಗೆ ಬೆಂಚಿನ ಮೇಲೆ ಇಂದ್ರಮ್ಮ ಕೂತಿದ್ದಳು,
ಫ್ಲಾಸ್ಕು ತೊಡೆಯ ಮೇಲೆ, ನನ್ನ ಚಪ್ಪಲಿ ಪಕ್ಕದಲ್ಲಿ.
ತೋರಿಸಬೇಕೆಂದುಕೊಂಡೆ.
ಒಂದು ಕೈಯಲ್ಲಿ ಸೂಜಿ.
ಇನ್ನೊಂದನ್ನು ಎತ್ತಲಿಲ್ಲ.