ಬಲ ಮೇಲ್ಮೂಲೆ

ಅಕ್ಟೋಬರ್ ಮೂವತ್ತೊಂದು.
ನಾಳೆ ರಾತ್ರಿ ಹನ್ನೆರಡಕ್ಕೆ ಒಂದು ನಿಮಿಷವಿರುವಾಗ
ಅರ್ಜಿಯ ಬಾಗಿಲು ಮುಚ್ಚುತ್ತದೆ.
ಅಡುಗೆಮನೆಯ ಮೇಜಿನ ಮೇಲೆ ಬೋಗುಣಿ ತುಂಬ ಚಾಕೊಲೇಟು,
ಆರಿದ ಕಾಫಿ, ಲ್ಯಾಪ್‌ಟಾಪು,
ಮುಗಿಯದ ಏಳು ಶಿಫಾರಸು ಪತ್ರ.

ಕ್ಲೀವ್‌ಲ್ಯಾಂಡಿನ ಹೊರಗೆ, ಎರಡು ಹೆದ್ದಾರಿಗಳ ನಡುವಿನ ಸರ್ಕಾರಿ ಶಾಲೆಗೆ
ನಾನು ಹತ್ತೊಂಬತ್ತು ವರ್ಷದಿಂದ ಸಲಹೆಗಾರ್ತಿ.
ನನ್ನ ಪಾಲಿಗೆ ಮುನ್ನೂರ ಎಂಬತ್ತು ಮಕ್ಕಳು.
ಕೆರೆಯಾಚೆಯ ಖಾಸಗಿ ಶಾಲೆಯಲ್ಲಿ ಒಬ್ಬಳಿಗೆ ಮೂವತ್ತಂತೆ;
ಆ ಮಕ್ಕಳ ನಾಯಿಯ ಹೆಸರೂ ಆಕೆಗೆ ಗೊತ್ತಂತೆ.

ಪರದೆಯ ಮೇಲೊಂದು ನಕ್ಷೆ:
ಅಡ್ಡಕ್ಕೆ ತರಗತಿಯ ಅಂಕ, ಎತ್ತರಕ್ಕೆ ಪರೀಕ್ಷೆಯ ಅಂಕ,
ಒಳಗಾದವರು ಹಸಿರು ಚುಕ್ಕೆ,
ಹೊರಗುಳಿದವರು ಕೆಂಪು ಕತ್ತರಿ ಗುರುತು.
ಹೆಸರಿಲ್ಲ.
ಹೆತ್ತವರು ಜಾತಕ ನೋಡುವ ಹಾಗೆ ನೋಡುತ್ತಾರೆ,
ಬೆರಳಿಟ್ಟು, ಉಸಿರು ಹಿಡಿದು,
ನಮ್ಮವನು ಎಲ್ಲಿ ಬೀಳುತ್ತಾನೆ?

ಬಲ ಮೇಲ್ಮೂಲೆಯಲ್ಲಿ ಚುಕ್ಕೆಯೇ ಇಲ್ಲದ ಆಕಾಶ, ಬರೀ ಕೆಂಪು.
ಒಂದೊಂದು ಕತ್ತರಿಯ ಹೆಸರೂ ನನಗೆ ಗೊತ್ತು.
ತುತ್ತತುದಿಯವನು ಥಡಿಯಸ್. ಅವನ ಮೇಲೆ ಇನ್ನು ಕಾಗದವಿಲ್ಲ.
ಅವನಿಗೆ ಬಂದದ್ದು ಎರಡು ಸಾಲಿನ ಉತ್ತರ.
ಈಗ ನಮ್ಮದೇ ಶಾಲೆಯ ಬಾಯ್ಲರ್ ರಿಪೇರಿಗೆ ಬರುತ್ತಾನೆ,
ಸುಖವಾಗಿದ್ದಾನೆ, ಸಂಬಳ ನನಗಿಂತ ಜಾಸ್ತಿ.
ನನಗೇ ಅವನ ಮುಖ ನೋಡಲಾಗುವುದಿಲ್ಲ.
ಹಸಿರು ಒಂದೇ ಒಂದು, ತುಸು ಕೆಳಗೆ, ಎಡಕ್ಕೆ:
ಆ ಹುಡುಗಿಯ ಅಜ್ಜನ ಹೆಸರು
ಅಲ್ಲಿನ ಈಜುಕೊಳದ ಗೋಡೆಯ ಮೇಲಿದೆ.

ಸೆಪ್ಟೆಂಬರಿನಲ್ಲಿ ಆ ಕಾಲೇಜಿನ ಅಧಿಕಾರಿ ಬಂದಿದ್ದ,
ಇಪ್ಪತ್ತಾರರ ಹುಡುಗ, ಹೊಸ ಬೂಟು,
ಗ್ರಂಥಾಲಯದಲ್ಲಿ ನಲವತ್ತು ನಿಮಿಷ.
"ನಾವು ಅಂಕ ನೋಡುವುದಿಲ್ಲ, ಇಡೀ ಮನುಷ್ಯರನ್ನು ನೋಡುತ್ತೇವೆ."
ಮೂವತ್ತೊಂದು ಇಡೀ ಮನುಷ್ಯರು ಕೈ ಎತ್ತಿದರು.
ಅವನು ಮೂರು ಪ್ರಶ್ನೆ ತೆಗೆದುಕೊಂಡ, ವಿಮಾನಕ್ಕೆ ಹೊತ್ತಾಗಿತ್ತು.
ಆಮೇಲೆ ಕಾರಿಡಾರಿನಲ್ಲಿ
ಐದನೇ ವಯಸ್ಸಿನಿಂದ ಒಂದೇ ಹಳದಿ ಬಸ್ಸಿನಲ್ಲಿ ಬಂದವರು
ಒಬ್ಬರನ್ನೊಬ್ಬರು ಎಣಿಸುವುದನ್ನು ನೋಡಿದೆ.

ರೋಮಾ ವೊಜ್ನಿಯಾಕ್, ಟೈರ್ ಅಂಗಡಿಯವನ ಮಗಳು,
ನಿನ್ನೆ ಕೊನೆಯ ಪೀರಿಯಡ್ಡಿಗೆ ಬಂದಳು. ಕೂರಲಿಲ್ಲ.
ಉಗುರ ಸಂದಿಯಲ್ಲಿ ರಬ್ಬರಿನ ಕಪ್ಪು.
"ಅಮ್ಮನ ವಿಷಯ ಬರೆಯಬೇಡಿ."
ಆಗಲೇ ಬರೆದಾಗಿತ್ತು.
ಆಸ್ಪತ್ರೆಯ ಕುರ್ಚಿ, ತೊಡೆಯ ಮೇಲೆ ಗಣಿತದ ಪುಸ್ತಕ, ಮಾರ್ಚ್ ತಿಂಗಳು.
ಓದಿದವರ ಕಣ್ಣು ತುಂಬಬೇಕು, ಹಾಗೆ ಬರೆದಿದ್ದೆ;
ಹತ್ತೊಂಬತ್ತು ವರ್ಷದಲ್ಲಿ ಅಷ್ಟು ಕೈ ಪಳಗಿದೆ.
"ಅದರಿಂದ ನಿನಗೆ ಅನುಕೂಲವಾಗುತ್ತದೆ, ಮಗು."
"ಗೊತ್ತು," ಅಂದಳು. "ಅದಕ್ಕೇ ಬೇಡ."

ಅಳಿಸಿದೆ.
ಉಳಿದದ್ದು ಇಷ್ಟು:
ಅವಳು ಶನಿವಾರ ಗಿರಾಕಿಗಳ ಟೈರಿನ ಸವೆತ ಅಳೆಯುತ್ತಾಳೆ,
ಹಿಮದ ಮೇಲೆ ಎಷ್ಟು ದೂರಕ್ಕೆ ಕಾರು ನಿಂತೀತೆಂದು
ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿಡುತ್ತಾಳೆ.
"ಇನ್ನೊಂದು ಚಳಿಗಾಲ ಬರುತ್ತದೆ, ಈಗ ಕೊಳ್ಳಬೇಡಿ,"
ಅಪ್ಪ ಹುಬ್ಬು ಗಂಟಿಕ್ಕಿದರೂ ಹೇಳುತ್ತಾಳೆ.
ನನಗೂ ಒಮ್ಮೆ ಹೇಳಿದ್ದಳು. ನಿಜವಾಗಿತ್ತು.

ಬಾಗಿಲ ಗಂಟೆ.
ಹೊರಗೆ ಹಿಮವೋ ಮಳೆಯೋ ತಿಳಿಯದ ಉದುರು.
ಮೆಟ್ಟಿಲ ಮೇಲೊಬ್ಬ ಪುಟ್ಟ, ಕೈಯಲ್ಲಿ ದಿಂಬಿನ ಚೀಲ,
ಗದ್ದದವರೆಗೆ ಜಿಪ್ ಎಳೆದ ದಪ್ಪ ನೀಲಿ ಕೋಟು.
"ಎಲ್ಲಿ ನಿನ್ನ ವೇಷ?"
ಅಮ್ಮ ನಿಂತ ಕಡೆ ಒಮ್ಮೆ ನೋಡಿ
ಜಿಪ್ಪನ್ನು ಎರಡೇ ಬೆರಳು ಇಳಿಸಿದ. ಕಿತ್ತಳೆ, ಕಪ್ಪು ಪಟ್ಟೆ.
"ಒಳಗೆ ಹುಲಿ ಇದೆ," ಅಂದ, ಪಿಸುಮಾತಿನಲ್ಲಿ.
ಎರಡು ಹಿಡಿ ಹಾಕಿದೆ.

ಪುಟ ತುಂಬಿದ್ದ ಪತ್ರ ಈಗ ಅರ್ಧ.
ಕಳಿಸುವ ಮೊದಲು ನಕ್ಷೆ ತೆರೆದು
ಅವಳು ಬೀಳುವ ಜಾಗಕ್ಕೆ ಬೆರಳಿಟ್ಟೆ,
ಹೆತ್ತವರ ಹಾಗೆಯೇ.
ಅಲ್ಲಿ ಇನ್ನೂ ಏನೂ ಇಲ್ಲ.
ಗಾಜು ಬೆಚ್ಚಗಿತ್ತು.

ಇನ್ನು ಆರು.